ಹೂದೋಟದ ಅಲಂಕಾರದ ಗೂಟಗಳೂ ಅವುಗಳ ಭದ್ರತೆಯೂ

ವಿದ್ಯೆ, ಶೀಲ, ಸೇವೆ ಮೊದಲಾದ ಘನವಾದ ವಿಷಯಗಳಿಗೆ ಮೀಸಲಾದ ಸ್ಮರಣ ಸಂಚಿಕೆಯಲ್ಲಿ ತೋಟದ ಗೂಟಗಳ ಪ್ರಸ್ತಾಪವೇಕೆಂದು ಕೆಲವರು ಕೇಳಬಹುದು. ವಿಷಯವು ಚಿಕ್ಕದೆಂಬುದನ್ನು ನಾವೂ ಒಪ್ಪುವೆವು. ಆದರೆ ಚಿಕ್ಕ ವಸ್ತುವೊಂದು ಕಳುವಾದಾಗ ಅದರ ಬೆನ್ನಿಗೇ ಹುಟ್ಟುವ ಸಂಶಯವು ಚಿಕ್ಕದಾಗಿರುವುದಿಲ್ಲ. ಹೂವಿನ ಪಾತಿಯಿಂದ ಒಂದು ಗೂಟವು ಕಾಣೆಯಾದರೆ ಮೊದಲು ಮಾಲಿಯ ಮೇಲೆ ಕಣ್ಣು ಬೀಳುವುದು. ಆಮೇಲೆ ಕಾವಲುಗಾರನ ಮೇಲೆ. ಆಮೇಲೆ ಗೇಟಿನಾಚೆ ಆಡುವ ಬಡ ಮಕ್ಕಳ ಮೇಲೆ. ಗೂಟದ ಬೆಲೆಯನ್ನು ಲೆಕ್ಕಹಾಕಬಹುದು. ಸುಳ್ಳು ಸಂಶಯಕ್ಕೆ ಗುರಿಯಾದವರ ಮಾನಕ್ಕೆ ಬೆಲೆ ಕಟ್ಟುವವರಾರು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದುದರಿಂದ ಗೂಟವನ್ನು ಕದಿಯಲಾಗದಂತೆ ನೆಡುವ ವಿದ್ಯೆಯನ್ನು ಕಲಿಯುವುದು ತೋಟದ ಚೆಲುವಿಗಾಗಿ ಮಾತ್ರವಲ್ಲದೆ ತೋಟದ ಸುತ್ತಲಿರುವ ಜನರ ಗೌರವಕ್ಕಾಗಿಯೂ ಅವಶ್ಯಕವೆಂದು ತಿಳಿದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಅಲಂಕಾರದ ಗೂಟವೆಂದರೇನೆಂಬುದನ್ನು ಮೊದಲು ವಿಚಾರಿಸೋಣ. ಡೇಲಿಯ, ಸೇವಂತಿಗೆ ಮುಂತಾದ ಗಿಡಗಳು ಹೂವಿನ ಭಾರಕ್ಕೆ ಬಾಗುವುದರಿಂದ ಅವುಗಳ ಪಕ್ಕದಲ್ಲಿ ಕೋಲನ್ನು ಊರಿ ಕಟ್ಟುವುದು ಎಲ್ಲರೂ ಬಲ್ಲ ಪದ್ಧತಿ. ಈ ಆಧಾರದ ಕೋಲಿನ ತಲೆಗೆ ಒಂದು ಗುಂಡನ್ನೋ ಹಕ್ಕಿಯನ್ನೋ ಕೂರಿಸಿ ಅದನ್ನೇ ನೋಟಕ್ಕೆ ವಸ್ತುವಾಗಿ ಮಾಡಿದಾಗ ಅದು ಅಲಂಕಾರದ ಗೂಟವಾಗುವುದು. ಲಂಡನ್ನಿನ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಲ್ಲಿ ಎಂಟನೆಯ ಹೆನ್ರಿ ದೊರೆಯು ೧೫೩೦ರ ದಶಕದಲ್ಲಿ ಹಸುರು ಬಿಳಿ ಬಣ್ಣ ಬಳಿದ ಕಂಬಗಳನ್ನು ನೆಡಿಸಿ, ಅವುಗಳ ಮೇಲೆ ಮರದಲ್ಲಿ ಕೆತ್ತಿದ ರಾಜಲಾಂಛನದ ಮೃಗಗಳನ್ನು ಕೂರಿಸಿದ್ದನು. ಜರ್ಮನಿಯ ಹಳ್ಳಿಯ ತೋಟಗಳಲ್ಲಿ ಬಣ್ಣದ ಗಾಜಿನ ಗುಂಡುಗಳನ್ನು ಕೋಲಿನ ತುದಿಗೆ ಸಿಕ್ಕಿಸಿ ಗುಲಾಬಿಯ ಗಿಡಗಳ ನಡುವೆ ನಿಲ್ಲಿಸುವ ವಾಡಿಕೆಯುಂಟು. ನಮ್ಮ ನಾಡಿನ ಶಾಲೆಗಳ ತೋಟಗಳಲ್ಲಿಯೂ ಇಂದು ಬಣ್ಣದ ತಗಡಿನ ಚಿಟ್ಟೆಗಳು, ಗಿಡದ ಹೆಸರನ್ನು ಬರೆದ ಫಲಕಗಳು, ಹಗಲಿನ ಬಿಸಿಲನ್ನು ಕೂಡಿಟ್ಟು ಇರುಳಿನಲ್ಲಿ ಬೆಳಗುವ ಸೌರದೀಪಗಳು ಇವೆಲ್ಲವೂ ಗೂಟಗಳ ಮೇಲೆ ನಿಂತಿರುತ್ತವೆ. ಇವುಗಳಿಗಿಂತ ಹೆಚ್ಚು ಪ್ರಿಯವಾದುವು ಹಳೆಯ ವಿದ್ಯಾರ್ಥಿನಿಯರು ತಮ್ಮ ತರಗತಿಯ ಅಥವಾ ಅಗಲಿಹೋದ ಅಧ್ಯಾಪಿಕೆಯ ನೆನಪಿಗಾಗಿ ನೆಡಿಸುವ ಹೆಸರಿನ ಗೂಟಗಳು. ಹೋದ ಚಿಟ್ಟೆಯ ಬದಲು ಮತ್ತೊಂದು ಚಿಟ್ಟೆಯನ್ನು ತರಬಹುದು. ಕೊಟ್ಟವರ ಕೈಯಿಂದಲೇ ನೆಟ್ಟ ನೆನಪಿನ ಗೂಟಕ್ಕೆ ಬದಲಿಲ್ಲ.

ಇಂಥ ವಸ್ತುಗಳನ್ನು ಕದಿಯುವವರಾರು? ಮೂರು ಬಗೆಯವರೆಂದು ಹೇಳಬಹುದು. ಮೊದಲನೆಯವರು ಚೇಷ್ಟೆಗಾಗಿ ಕೀಳುವವರು. ಫ್ರಾನ್ಸ್ ದೇಶದಲ್ಲಿ ೧೯೯೦ರ ದಶಕದಲ್ಲಿ ಒಂದು ಗುಂಪಿನವರು ಜನರ ತೋಟಗಳಲ್ಲಿದ್ದ ಕುಳ್ಳರ ಬೊಂಬೆಗಳನ್ನು ಅವುಗಳಿಗೆ ಬಿಡುಗಡೆ ಕೊಡುತ್ತೇವೆಂದು ಹೇಳಿ ಇರುಳಿನಲ್ಲಿ ಕದ್ದೊಯ್ದು ಕಾಡುಗಳಲ್ಲಿ ಇರಿಸುತ್ತಿದ್ದರು. ೧೯೯೭ರಲ್ಲಿ ನ್ಯಾಯಾಲಯವು ಅವರ ಮುಂದಾಳುವಿಗೆ ಶಿಕ್ಷೆ ವಿಧಿಸಿತು. ಎರಡನೆಯವರು ತಮ್ಮ ಮನೆಯಂಗಳಕ್ಕೆ ಅದೇ ವಸ್ತು ಬೇಕೆಂದು ಆಸೆಪಡುವವರು. ಸೌರದೀಪಗಳೂ ಹೂವಿನ ಕುಂಡಗಳೂ ಹೆಚ್ಚಾಗಿ ಇವರ ಪಾಲಾಗುತ್ತವೆ. ಮೂರನೆಯವರು ವಸ್ತುವಿನ ಚೆಲುವನ್ನು ಲೆಕ್ಕಿಸದೆ ಅದರ ಲೋಹವನ್ನು ಮಾತ್ರ ತೂಗಿ ಮಾರುವವರು.

ಈ ಮೂರನೆಯವರ ವಿಷಯದಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಹೆನ್ರಿ ಮೂರ್ ಎಂಬ ಆಂಗ್ಲ ಶಿಲ್ಪಿಯು ರಚಿಸಿದ, ಒರಗಿ ಕುಳಿತ ಸ್ತ್ರೀಯ ಕಂಚಿನ ವಿಗ್ರಹವೊಂದು ಹರ್ಟ್‌ಫರ್ಡ್‌ಷೈರಿನಲ್ಲಿ ಅವನ ಹೆಸರಿನ ಸಂಸ್ಥೆಯ ಆವರಣದಲ್ಲಿತ್ತು. ಅದರ ತೂಕ ೨ ಟನ್ನಿಗೂ ಮಿಗಿಲು. ಅದರ ಬೆಲೆ ಸುಮಾರು ೩೦ ಲಕ್ಷ ಪೌಂಡುಗಳೆಂದು ಅಂದಾಜು. ೨೦೦೫ನೆಯ ಇಸವಿ ಡಿಸೆಂಬರಿನ ಒಂದು ರಾತ್ರಿ ಕಳ್ಳರು ಭಾರವೆತ್ತುವ ಯಂತ್ರವುಳ್ಳ ಲಾರಿಯನ್ನು ತಂದು ಅದನ್ನು ಎತ್ತಿಕೊಂಡು ಹೋದರು. ಅದನ್ನು ಕತ್ತರಿಸಿ ಕರಗಿಸಿರಬೇಕೆಂದೂ ಗುಜರಿಯಾಗಿ ಅದಕ್ಕೆ ದೊರೆತದ್ದು ೧,೫೦೦ ಪೌಂಡುಗಳಿಗಿಂತ ಹೆಚ್ಚಿರಲಾರದೆಂದೂ ಪೊಲೀಸರು ಮುಂದೆ ತಿಳಿಸಿದರು. ಇದರಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ಭಾರವೊಂದೇ ರಕ್ಷಣೆಯಾಗಲಾರದು, ನಮ್ಮ ಕಣ್ಣಿಗೆ ಅಮೂಲ್ಯವಾದುದು ಕಳ್ಳನ ಕಣ್ಣಿಗೆ ಬರಿಯ ಕಂಚಾಗಿರಬಹುದು.

ಹಾಗಾದರೆ ರಕ್ಷಣೆಯು ಯಾವುದರಲ್ಲಿದೆ? ಸಮಯದಲ್ಲಿದೆ ಎಂಬುದೇ ನಮ್ಮ ಉತ್ತರ. ತೋಟದ ಕಳ್ಳನು ಕಾಯಲು ಬರುವವನಲ್ಲ. ಹಾದಿಯಲ್ಲಿ ಹೋಗುತ್ತ ಕೈಚಾಚಿ ಒಂದೇ ಎಳೆತಕ್ಕೆ ಬಂದುದನ್ನು ಒಯ್ಯುವವನು. ಕ್ಷಣಮಾತ್ರದಲ್ಲಿ ಬರುವ ಗೂಟಕ್ಕೆ ಕಾಲು ಗಂಟೆ ಬೇಕಾದರೆ, ಬರಿಗೈಗೆ ಬರುವ ಗೂಟಕ್ಕೆ ಹಾರೆ ಗುದ್ದಲಿಗಳು ಬೇಕಾದರೆ, ಸದ್ದಿಲ್ಲದೆ ಬರುವ ಗೂಟವು ಸದ್ದುಮಾಡದೆ ಬಾರದಿದ್ದರೆ, ಅವನು ಕೈಬಿಟ್ಟು ಮುಂದೆ ನಡೆಯುವನು. ಪಟ್ಟುಹಿಡಿದು ಬಂದವನನ್ನು ಯಾವ ಗೂಟವೂ ತಡೆಯಲಾರದು. ಆದರೆ ಅಂಥವನು ಶಾಲೆಯ ಹೂವಿನ ಪಾತಿಗೆ ಬರುವುದು ಅಪರೂಪ. ಮುಂದೆ ಹೇಳುವ ಉಪಾಯಗಳೆಲ್ಲವೂ ಈ ಒಂದು ತತ್ತ್ವವನ್ನು ಅನುಸರಿಸಿದುವೆಂದು ವಾಚಕರು ನೆನಪಿನಲ್ಲಿಡಬೇಕು.

ಮೊದಲನೆಯದಾಗಿ ಸ್ಥಳ. ಕಾಂಪೌಂಡು ಗೋಡೆಯ ಮೇಲಿನಿಂದ ಅಥವಾ ಗೇಟಿನ ಸಲಾಕೆಗಳ ಸಂದಿನಿಂದ ಕೈಗೆ ಎಟುಕುವಲ್ಲಿ ಗೂಟವನ್ನು ನೆಡಲಾಗದು; ಗೋಡೆಗೂ ಗೂಟಕ್ಕೂ ೬ ಅಡಿಗಿಂತ ಹೆಚ್ಚು ಅಂತರವಿರುವುದು ಒಳ್ಳೆಯದು. ಕಚೇರಿಯ ಕಿಟಕಿಗೋ ಕಾವಲುಗಾರನ ಕುರ್ಚಿಗೋ ಕಾಣುವ ಜಾಗವನ್ನು ಆರಿಸಬೇಕು. ಗೂಟದ ಸುತ್ತ ಗುಲಾಬಿ, ಕತ್ತಾಳೆ, ಕುಳ್ಳಾಗಿ ಕತ್ತರಿಸಿದ ಬೋಗನ್‌ವಿಲ್ಲ ಮೊದಲಾದ ಮುಳ್ಳಿನ ಗಿಡಗಳಿದ್ದರೆ ಕೈಹಾಕುವವರು ಹಿಂಜರಿಯುವರು. ಆದರೆ ಬೇಲಿಯು ಸೊಂಟದೆತ್ತರಕ್ಕಿಂತ ಮೇಲೆ ಬೆಳೆದರೆ ಅದು ಕಳ್ಳನಿಗೇ ಮರೆಯಾಗುವುದೆಂಬುದನ್ನು ಮರೆಯಬಾರದು. ಪಾತಿಯ ಸುತ್ತ ಒಂದೆರಡು ಅಡಿ ಅಗಲಕ್ಕೆ ಸಣ್ಣ ಜಲ್ಲಿಯನ್ನು ಹರಡಿದರೆ ಇರುಳಿನಲ್ಲಿ ಕಾಲಿಟ್ಟವರ ಹೆಜ್ಜೆಯ ಸದ್ದು ಕೇಳುವುದು. ಮಳೆಗಾಲದಲ್ಲಿ ಕೆಸರೂ ಆಗುವುದಿಲ್ಲ.

ಎರಡನೆಯದಾಗಿ ವಸ್ತು. ಹಿತ್ತಾಳೆ, ತಾಮ್ರ, ಕಂಚುಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯುಂಟು. ಹೆಸರಿನ ಫಲಕವು ಹಿತ್ತಾಳೆಯದೇ ಆಗಬೇಕೆಂಬ ನಿಯಮವಿಲ್ಲ. ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಅಕ್ಷರಗಳನ್ನು ಕೊರೆಯಿಸಬಹುದು. ಒಡೆದ ಪಿಂಗಾಣಿಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ ಹೂವು ಹಕ್ಕಿಗಳನ್ನು ಮಾಡಬಹುದು. ಇದನ್ನು ವಿದ್ಯಾರ್ಥಿನಿಯರೇ ಮಾಡಬಲ್ಲರು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಸುಟ್ಟ ಮಣ್ಣಿನ ಕೆಲಸಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಹೆಸರಿದೆ. ಮಣ್ಣು ಬಿಸಿಲು ಮಳೆಗಳನ್ನು ತಾಳುವುದು. ತೂಗಿ ಮಾರುವವನಿಗೆ ಅದರಿಂದ ಕಾಸೂ ಹುಟ್ಟುವುದಿಲ್ಲ. ಲೋಹದ ಗೂಟವೇ ಬೇಕಾದಲ್ಲಿ ಬಣ್ಣ ಬಳಿದ ಕಬ್ಬಿಣವು ಸಾಕು.

ಮೂರನೆಯದೂ ಮುಖ್ಯವಾದದ್ದೂ ಬೇರು. ಅಂಗಡಿಯಲ್ಲಿ ದೊರೆಯುವ ಗೂಟಗಳ ಕೆಳತುದಿಯು ಸಾಮಾನ್ಯವಾಗಿ ನಯವಾದ ಸಲಾಕೆಯಾಗಿರುವುದು. ಅಂಥದನ್ನು ಮಣ್ಣಿಗೆ ಚುಚ್ಚಿದಾಗ ಅದನ್ನು ಹಿಡಿದಿಡುವುದು ಸಲಾಕೆಯ ಪಕ್ಕಗಳಿಗೂ ಮಣ್ಣಿಗೂ ಆಗುವ ಉಜ್ಜಾಟವೊಂದೇ. ದನ ಕಟ್ಟುವ ಗೂಟವನ್ನು ಕೀಳುವವರು ಮೊದಲು ಅದನ್ನು ಅತ್ತಿತ್ತ ಅಲ್ಲಾಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಅಲ್ಲಾಡಿಸಿದಾಗ ಕುಳಿಯು ಅಗಲವಾಗಿ ಉಜ್ಜಾಟವು ಇಲ್ಲವಾಗುತ್ತದೆ. ಆಳಕ್ಕೆ ಹೋದಂತೆ ಮಣ್ಣಿನ ಒತ್ತಡವು ಹೆಚ್ಚುವುದರಿಂದ ೧ ಅಡಿಯ ಬದಲು ೨ ಅಡಿ ಇಳಿಸಿದರೆ ಹಿಡಿತವು ಇಮ್ಮಡಿಗಿಂತಲೂ ಹೆಚ್ಚಾಗುವುದು ನಿಜ. ಆದರೂ ನಯವಾದ ಸಲಾಕೆಯು ಕಡೆಗೆ ಅಲ್ಲಾಟಕ್ಕೆ ಸೋಲುವುದು.

ಮಣ್ಣಿನ ಗುಣವನ್ನೂ ತಿಳಿದಿರಬೇಕು. ಬೆಂಗಳೂರು, ಕೋಲಾರಗಳ ಕಡೆಯ ಕೆಂಪು ಮಣ್ಣು ದಮ್ಮಸು ಮಾಡಿದರೆ ಗೂಟವನ್ನು ಚೆನ್ನಾಗಿ ಹಿಡಿಯುವುದು. ಧಾರವಾಡ, ಗದಗ, ವಿಜಯಪುರಗಳ ಕಡೆಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕುಬಿಡುವುದರಿಂದ ಮಾಘದಲ್ಲಿ ಭದ್ರವಾಗಿದ್ದ ಗೂಟವು ವೈಶಾಖದಲ್ಲಿ ತಾನಾಗಿಯೇ ಸಡಿಲವಾಗುವುದು. ಕರಾವಳಿಯ ಮರಳು ಹಿಡಿಯದು. ಅಲ್ಲಿಯ ಮುರಕಲ್ಲಿನ ನೆಲದಲ್ಲಿಯಾದರೋ ಹಾರೆಯಿಂದ ಕುಳಿ ತೋಡದೆ ಗೂಟವು ಇಳಿಯದು. ಒಂದು ಊರಿನಲ್ಲಿ ಸಾಕಾದ ಆಳವು ಮತ್ತೊಂದು ಊರಿನಲ್ಲಿ ಸಾಲದಿರುವುದು ಈ ಕಾರಣದಿಂದಲೇ.

ಬೇರು ಕೊಡುವುದೆಂದರೆ ಗೂಟದ ಬುಡಕ್ಕೆ ಅಡ್ಡವಾದ ಅಂಗವನ್ನು ಸೇರಿಸುವುದು. ಸಲಾಕೆಯ ತುದಿಗೆ ೧ ಅಡಿ ಉದ್ದದ ಎರಡು ಕಬ್ಬಿಣದ ಪಟ್ಟಿಗಳನ್ನು ಕೂಡುಗುರುತಿನಂತೆ ಬೆಸೆಯಿಸಿ ಒಂದೂವರೆ ಅಡಿ ಆಳದಲ್ಲಿ ಹೂಳಿ, ಮಣ್ಣನ್ನು ಪದರ ಪದರವಾಗಿ ತುಂಬಿ ದಮ್ಮಸು ಮಾಡಬೇಕು. ಆಗ ಎಳೆಯುವವನು ಸಲಾಕೆಯನ್ನಷ್ಟೇ ಅಲ್ಲದೆ ಪಟ್ಟಿಗಳ ಮೇಲೆ ಕುಳಿತ ಮಣ್ಣನ್ನೆಲ್ಲ ಎತ್ತಬೇಕಾಗುವುದು. ಪಟ್ಟಿಗಳ ಬದಲು ಚದರಕ್ಕೆ ೧ ಅಡಿಯ ತಗಡನ್ನು ಬೆಸೆದರೆ ಅದರ ನೇರ ಮೇಲಿರುವ ಮಣ್ಣೇ ಸುಮಾರು ೬೫ ಕಿಲೋಗ್ರಾಂ ತೂಗುವುದು. ಸುತ್ತಲಿನ ಮಣ್ಣು ಅದನ್ನು ಹಿಡಿದುಕೊಳ್ಳುವುದರಿಂದ ಇನ್ನೂ ಹೆಚ್ಚಿನ ಬಲವು ಬೇಕಾಗುವುದು. ಬೆಸುಗೆಗೆ ಅನುಕೂಲವಿಲ್ಲದವರು ಸಲಾಕೆಯ ತುದಿಯನ್ನು ಕಮ್ಮಾರನಿಂದ ಸೀಳಿಸಿ ಗಾಳದ ಮುಳ್ಳಿನಂತೆ ಮೇಲ್ಮುಖವಾಗಿ ಬಗ್ಗಿಸಿಕೊಳ್ಳಬಹುದು. ಅಥವಾ ಎರಡು ಸಲಾಕೆಗಳನ್ನು ನೆಲದೊಳಗೆ ಒಂದಕ್ಕೊಂದು ಓರೆಯಾಗಿ ಇಳಿಸಿ ಮೇಲೆ ಸೇರಿಸಿ ಬಿಗಿಯಬಹುದು. ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗಿರುವುದರಿಂದ ಒಂದೇ ಎಳೆತಕ್ಕೆ ಎರಡೂ ಬರಲಾರವು.

ಶಾಶ್ವತವಾಗಿ ನಿಲ್ಲಬೇಕಾದ ನೆನಪಿನ ಗೂಟಗಳಿಗೆ ಕಾಂಕ್ರೀಟೇ ಉತ್ತಮ. ೧ ಅಡಿ ಚದರ, ಒಂದೂವರೆ ಅಡಿ ಆಳದ ಕುಳಿಯನ್ನು ಬಾಯಿಗಿಂತ ತಳವು ಸ್ವಲ್ಪ ಅಗಲವಾಗಿರುವಂತೆ ತೋಡಬೇಕು. ೧ ಪಾಲು ಸಿಮೆಂಟು, ೨ ಪಾಲು ಮರಳು, ೪ ಪಾಲು ಜಲ್ಲಿ ಇವುಗಳನ್ನು ಮಿತವಾದ ನೀರಿನಲ್ಲಿ ಕಲಸಿ ತುಂಬಬೇಕು. ಸಲಾಕೆಯ ಬುಡವನ್ನು ಕೊಕ್ಕೆಯಾಗಿ ಬಗ್ಗಿಸಿದ್ದರೆ ಅದು ಕಾಂಕ್ರೀಟಿನೊಳಗೆ ತಿರುಗದೆ ನಿಲ್ಲುವುದು. ೭ ದಿನಗಳವರೆಗೆ ತೇವ ಆರದಂತೆ ನೀರು ಹಾಕಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಅಲ್ಲಾಡಿಸಕೂಡದು. ಕಾಂಕ್ರೀಟಿನ ಮೇಲ್ಭಾಗವು ನೆಲದಿಂದ ೩ ಅಂಗುಲ ಕೆಳಗೇ ನಿಂತರೆ ಮೇಲೆ ಮಣ್ಣು ಹರಡಿ ಹುಲ್ಲನ್ನು ಬೆಳೆಸಬಹುದು. ಬೇರು ಎಂಥದೆಂದು ನೋಡುವವರಿಗೆ ತಿಳಿಯುವುದೂ ಇಲ್ಲ. ಇಂಥ ಒಂದು ಗಟ್ಟಿಯು ಸುಮಾರು ೧೦೦ ಕಿಲೋಗ್ರಾಂ ತೂಗುವುದು. ೫೦ ಕಿಲೋಗ್ರಾಮಿನ ಒಂದು ಚೀಲ ಸಿಮೆಂಟು ಇಂಥ ಮೂರು ಕುಳಿಗಳಿಗೆ ಸಾಕಾಗುವುದು. ಕಬ್ಬಿಣವು ನೆಲದ ಮಟ್ಟದಲ್ಲಿಯೇ ಬೇಗ ತುಕ್ಕುಹಿಡಿಯುವುದರಿಂದ ಆ ಭಾಗಕ್ಕೆ ಮೊದಲೇ ರೆಡ್ ಆಕ್ಸೈಡ್ ಬಣ್ಣವನ್ನು ಎರಡು ಬಾರಿ ಬಳಿಯತಕ್ಕದ್ದು.

ಸೌರದೀಪಗಳಂಥವನ್ನು ರಜೆಯ ದಿನಗಳಲ್ಲಿ ತೆಗೆದಿಡುವುದು ಲೇಸು. ಇವುಗಳಿಗೆ ಗೂಟದ ಬದಲು ಕಬ್ಬಿಣದ ಕೊಳವೆಯೊಂದನ್ನು ಕಾಂಕ್ರೀಟಿನಲ್ಲಿ ಹೂಳಿ, ಅದರೊಳಗೆ ಗೂಟವನ್ನು ಇಳಿಸಿ, ಎರಡಕ್ಕೂ ಅಡ್ಡಲಾಗಿ ತೂತು ಕೊರೆದು ಬೋಲ್ಟನ್ನೋ ಬೀಗವನ್ನೋ ಹಾಕಬಹುದು. ಕೊಳವೆಯ ತಳವು ಜಲ್ಲಿಯ ಮೇಲೆ ತೆರೆದಿದ್ದರೆ ಮಳೆಯ ನೀರು ನಿಲ್ಲದೆ ಇಂಗುವುದು. ಸಾಧಾರಣ ಬೋಲ್ಟನ್ನು ಸ್ಪ್ಯಾನರಿನಿಂದ ಯಾರಾದರೂ ಬಿಚ್ಚಬಹುದಾದುದರಿಂದ, ತೆಗೆಯಬೇಕಾಗಿಲ್ಲದ ಕಡೆ ನಟ್ಟಿನಾಚೆ ಉಳಿದ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಜಜ್ಜಿ ಅಗಲಿಸಬೇಕು. ಬಿಗಿಯಾದೊಡನೆ ತಲೆಯು ಮುರಿದುಬಿದ್ದು ಹಿಡಿತಕ್ಕೆ ಸಿಕ್ಕದ ನಟ್ಟುಗಳೂ ಈಗ ದೊರೆಯುತ್ತವೆ. ಫಲಕವನ್ನೂ ತಲೆಯ ಬೊಂಬೆಯನ್ನೂ ಗೂಟಕ್ಕೆ ಇದೇ ರೀತಿ ಬಿಗಿಯತಕ್ಕದ್ದು. ಬುಡವು ಬಂಡೆಯಂತಿದ್ದು ತಲೆಯು ಕೈಗೆ ಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಒಂದೇ ಪಾತಿಯಲ್ಲಿ ಅನೇಕ ಚಿಕ್ಕ ಗೂಟಗಳಿದ್ದರೆ ಪ್ರತಿಯೊಂದಕ್ಕೂ ಕಾಂಕ್ರೀಟು ಹಾಕುವುದು ವೆಚ್ಚದ ಕೆಲಸ. ಅಂಥಲ್ಲಿ ಪ್ರತಿ ಗೂಟದ ಬುಡಕ್ಕೂ ಒಂದು ಬಳೆಯನ್ನು ಬೆಸೆಯಿಸಿ, ತುಕ್ಕುಹಿಡಿಯದ ಉಕ್ಕಿನ ತಂತಿ ಹಗ್ಗವೊಂದನ್ನು ಬಳೆಗಳ ಮೂಲಕ ಹಾಯಿಸಿ, ಅದರ ಎರಡು ತುದಿಗಳನ್ನು ಕಾಂಕ್ರೀಟಿನ ಎರಡು ಗಟ್ಟಿಗಳಿಗೆ ಕಟ್ಟಬಹುದು. ಒಂದನ್ನು ಕಿತ್ತರೂ ಅದು ಉಳಿದವುಗಳ ಸಂಗಡ ಕಟ್ಟಿಕೊಂಡೇ ಇರುವುದು. ತಂತಿಯು ಅರ್ಧ ಅಡಿಯಾದರೂ ಕೆಳಗಿರಬೇಕು. ಇಲ್ಲವಾದರೆ ಮಕ್ಕಳು ಎಡವುವರು. ಅದು ಹಾದುಹೋದ ದಾರಿಯನ್ನು ಮಾಲಿಗೆ ತೋರಿಸಿರಬೇಕು. ಇಲ್ಲವಾದರೆ ಗುದ್ದಲಿಯ ಏಟಿಗೆ ತುಂಡಾಗುವುದು.

ಇನ್ನು ಗುರುತು. ಶಾಲೆಯ ಹೆಸರಿನ ಮೊದಲಕ್ಷರಗಳನ್ನೂ ಒಂದು ಸಂಖ್ಯೆಯನ್ನೂ ಫಲಕದ ಮೇಲೆ ಮಾತ್ರವಲ್ಲದೆ ಸಲಾಕೆಯ ಮೇಲೂ ಉಳಿಯಿಂದ ಕೊರೆಯಿಸಬೇಕು. ಪ್ರತಿ ಗೂಟದ ಛಾಯಾಚಿತ್ರವನ್ನು ತೆಗೆದು, ಕೊಟ್ಟವರಾರು, ನೆಟ್ಟ ದಿನವಾವುದು, ಸ್ಥಳವೆಲ್ಲಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸಿಕ್ಕಿದ ಮಾಲು ನಮ್ಮದೆಂದು ತೋರಿಸಲು ಪೊಲೀಸರಿಗೆ ಬೇಕಾಗುವುದು ಇದೇ. ಗುರುತುಳ್ಳ ವಸ್ತುವನ್ನು ಗುಜರಿಯವರು ಕೊಳ್ಳಲು ಅಂಜುವರು. ಕಳ್ಳಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಪ್ರಕರಣದಂತೆ ಅಪರಾಧವಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ೨೦೧೩ರ ಕಾನೂನೊಂದು ಗುಜರಿ ಲೋಹವನ್ನು ನಗದು ಹಣ ಕೊಟ್ಟು ಕೊಳ್ಳುವುದನ್ನೇ ನಿಷೇಧಿಸಿದೆ. ಮಾರುವ ದಾರಿಯು ಕಟ್ಟಿದರೆ ಕದಿಯುವ ಆಸೆಯೂ ಕುಗ್ಗುವುದೆಂಬುದೇ ಇದರ ತಾತ್ಪರ್ಯ.

ಮಾಡಬಾರದ ಕೆಲಸಗಳನ್ನೂ ಹೇಳಬೇಕಾಗಿದೆ. ಗೂಟಗಳಿಗೆ ವಿದ್ಯುತ್ತನ್ನು ಹಾಯಿಸುವುದು, ಗಾಜಿನ ಚೂರುಗಳನ್ನೋ ಅಲಗುಗಳನ್ನೋ ಅಡಗಿಸಿಡುವುದು ಎಂದಿಗೂ ಸಲ್ಲದು. ತನ್ನ ಸೊತ್ತನ್ನು ಕಾಯುವ ಹಕ್ಕು ಎಲ್ಲರಿಗೂ ಉಂಟಾದರೂ ಅಗತ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಲು ಕಾನೂನು ಒಪ್ಪುವುದಿಲ್ಲ. ಮೇಲಾಗಿ ಚೆಂಡನ್ನು ಹುಡುಕುತ್ತ ಪಾತಿಗೆ ಕೈಹಾಕುವುದು ಕಳ್ಳನಲ್ಲ, ನಮ್ಮ ಮಗುವೇ.

ಇದಕ್ಕಿಂತಲೂ ಹೆಚ್ಚಾಗಿ ತಪ್ಪಿಸಬೇಕಾದದ್ದು ಅವಸರದ ಆರೋಪ. ಒಂದು ಗೂಟವು ಕಾಣದಿದ್ದರೆ ಮೊದಲು ಪುಸ್ತಕವನ್ನು ನೋಡಬೇಕು; ದುರಸ್ತಿಗೆ ಹೋಗಿದೆಯೇ, ಗಾಳಿಗೆ ಬಿದ್ದು ಪೊದೆಯೊಳಗೆ ಸೇರಿದೆಯೇ ಎಂದು ಹುಡುಕಬೇಕು. ಕಳುವು ನಿಶ್ಚಯವಾದರೆ ಪೊಲೀಸರಿಗೆ ದೂರು ಕೊಟ್ಟು ವಿಚಾರಣೆಯನ್ನು ಅವರಿಗೇ ಬಿಡಬೇಕು. ಸಾಕ್ಷ್ಯವಿಲ್ಲದೆ ಮಾಲಿಯ ಚೀಲವನ್ನು ಶೋಧಿಸುವುದು, ಹೊರಗಿನ ಮಕ್ಕಳನ್ನು ಗದರಿಸುವುದು ಶಾಲೆಯೆಂಬ ಹೆಸರಿಗೆ ಒಪ್ಪುವ ನಡತೆಯಲ್ಲ. ನಮ್ಮ ಕಾನೂನೂ ಈ ವಿಷಯದಲ್ಲಿ ಈಗ ಮೃದುವಾಗಿದೆ. ೨೦೨೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ ೩೦೩ನೆಯ ಪ್ರಕರಣದಂತೆ, ೫,೦೦೦ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲನೆಯ ಬಾರಿಗೆ ಅಪರಾಧಿಯೆಂದು ತೀರ್ಮಾನವಾದವನು ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ ಅವನಿಗೆ ಸೆರೆಮನೆಯ ಬದಲು ಸಮುದಾಯ ಸೇವೆಯ ಶಿಕ್ಷೆಯಾಗುವುದು. ಅಪರಾಧಿಯೆಂದು ತೀರ್ಮಾನವಾದವನಿಗೇ ಕಾನೂನು ತಿದ್ದಿಕೊಳ್ಳುವ ಅವಕಾಶವನ್ನು ಕೊಡುತ್ತಿರುವಾಗ, ತಪ್ಪು ಮಾಡದವರನ್ನು ನಾವು ಬರಿಯ ಊಹೆಯಿಂದ ದಂಡಿಸುವುದು ಯಾವ ನ್ಯಾಯ?

ಕಡೆಯದಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಒಂದು ವಿಜ್ಞಾಪನೆ. ಶಾಲೆಯ ತೋಟಕ್ಕೆ ಗೂಟವನ್ನೋ ಫಲಕವನ್ನೋ ಕೊಡಬೇಕೆಂಬ ಮನಸ್ಸಾದಾಗ ಅದರ ಬೇರನ್ನೂ ಸಂಗಡ ಕೊಡಿರಿ; ಎಂದರೆ ಸಿಮೆಂಟು, ಜಲ್ಲಿ, ಬೆಸುಗೆ, ಒಬ್ಬ ಗಾರೆಯವನ ಅರ್ಧ ದಿನದ ಕೂಲಿ ಇಷ್ಟನ್ನೂ ಕೊಡುಗೆಯ ಲೆಕ್ಕದಲ್ಲಿಯೇ ಸೇರಿಸಿರಿ. ಈಗಾಗಲೇ ನೆಟ್ಟ ಗೂಟಗಳನ್ನು ವರ್ಷಕ್ಕೆರಡು ಬಾರಿ, ಮಳೆಗಾಲದ ಮುಂಚೆಯೂ ಬೇಸಿಗೆಯ ಆರಂಭದಲ್ಲಿಯೂ, ಕೈಯಿಂದ ಅಲ್ಲಾಡಿಸಿ ನೋಡಿ ಸಡಿಲವಾದುದನ್ನು ಬಿಗಿಗೊಳಿಸುವ ಏರ್ಪಾಡನ್ನು ಎಲ್ಲ ಶಾಲೆಗಳವರೂ ಮಾಡಿಕೊಳ್ಳಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಒಂದು ಬುಟ್ಟಿ ಜಲ್ಲಿಯನ್ನು ಮುಂಚೆಯೇ ಹಾಕುವುದು ಸುಲಭ. ಹಾಗೆ ಮಾಡಿದಲ್ಲಿ ಗೂಟವು ತನ್ನ ಜಾಗದಲ್ಲಿ ನಿಲ್ಲುವುದು. ಅದನ್ನು ಕೊಟ್ಟವರ ನೆನಪು ನಿಲ್ಲುವುದು. ದಿನವೂ ಆ ಪಾತಿಗೆ ನೀರೆರೆಯುವ ಮಾಲಿಯು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿರುವುದಿಲ್ಲ.